ಅಳತೆ ಸರಿ, ಗಾಲಿ ಏಕೆ ಕುಂಟುತ್ತದೆ?

ಮಾಗಡಿಯ ಕಡೆಯ ಗುಡೇಮಾರನಹಳ್ಳಿಯಲ್ಲಿ ಮಗುವೊಂದು ಚನ್ನಪಟ್ಟಣದ ಮರದ ಗಾಡಿಗೆ ದಾರ ಕಟ್ಟಿ ಎಳೆಯುತ್ತಿದೆ ಎಂದು ಭಾವಿಸೋಣ. ಗಾಡಿ ಸಮವಾಗಿ ಸಾಗದೆ ಕುಂಟುತ್ತದೆ. ಗಾಲಿಯನ್ನು ಕಳಚಿ ಅಳೆಯುತ್ತೇವೆ: ವ್ಯಾಸ 40 ಮಿಲಿಮೀಟರು, ಅಚ್ಚಿನ ರಂಧ್ರ 6 ಮಿಲಿಮೀಟರು, ಎರಡೂ ಹೇಳಿದಷ್ಟೇ ಇವೆ. ಹಾಗಾದರೆ ದೋಷವೆಲ್ಲಿ? ರಂಧ್ರವು ಗಾಲಿಯ ಕೇಂದ್ರದಿಂದ 2 ಮಿಲಿಮೀಟರು ಸರಿದಿದೆ. ಗಾಲಿ ಒಂದು ಸುತ್ತು ಉರುಳುವಷ್ಟರಲ್ಲಿ ಅಚ್ಚು ನೆಲದಿಂದ 22 ಮಿಲಿಮೀಟರಿಗೆ ಏರಿ 18ಕ್ಕೆ ಇಳಿಯುತ್ತದೆ.

ಯಾವ ವಸ್ತುವನ್ನೂ ಹೇಳಿದ ಅಳತೆಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲದಂತೆ ಮಾಡಲಾಗದು. ಆದುದರಿಂದ ಎಷ್ಟು ಹೆಚ್ಚುಕಡಿಮೆ ಸಲ್ಲುತ್ತದೆಂಬುದನ್ನು ಎಂಜಿನಿಯರನು ನಕ್ಷೆಯಲ್ಲಿಯೇ ಬರೆಯುತ್ತಾನೆ. ಇದಕ್ಕೆ ಟಾಲರೆನ್ಸ್ ಎಂದು ಹೆಸರು. ಗಾತ್ರಕ್ಕೆ ಮಾತ್ರ ಮಿತಿ ಹಾಕಿದರೆ ಸಾಲದೆಂಬುದನ್ನು ನಮ್ಮ ಗಾಲಿ ತೋರಿಸಿತಷ್ಟೆ. ದುಂಡುತನ, ಸಮತಲತೆ, ಲಂಬತೆ, ಸ್ಥಾನ ಮುಂತಾದುವಕ್ಕೂ ಮಿತಿ ಬೇಕು. ಇವೇ ಜ್ಯಾಮಿತೀಯ ಟಾಲರೆನ್ಸುಗಳು.

ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಹೊರಮೈಯನ್ನು ಕಡೆದು, ಬಿಚ್ಚದೆ ಅಲ್ಲಿಯೇ ನಡುವೆ ಕೊರೆದರೆ ಈ ತೊಡಕಿಲ್ಲ. ಎರಡಕ್ಕೂ ಕೇಂದ್ರ ಒಂದೇ. ಯಂತ್ರದ ಅಕ್ಷವೇ ಅದನ್ನು ಕಾಯುತ್ತದೆ. ಕಡೆಯುವವನೊಬ್ಬ, ಕೊರೆಯುವವನು ಬೇರೂರಿನ ಇನ್ನೊಬ್ಬನಾದಾಗ ನಕ್ಷೆಯೇ ಬಾಯಿಬಿಟ್ಟು ಹೇಳಬೇಕು: ಹೊರಮೈಯ ಅಕ್ಷವನ್ನು ಆಧಾರವಾಗಿಟ್ಟುಕೊಂಡು, ರಂಧ್ರದ ಕೇಂದ್ರವು ಅರ್ಧ ಮಿಲಿಮೀಟರು ವ್ಯಾಸದ ವೃತ್ತದೊಳಗೆ ಇರಲಿ, ಎಂದು. ಆಟದ ಗಾಡಿಗೆ ಇದಕ್ಕಿಂತ ಬಿಗಿ ಬೇಡವೆಂದು ನಮ್ಮ ಅಭಿಪ್ರಾಯ. ಬೇಡದ ಬಿಗಿತಕ್ಕೂ ಹಣ ತೆರಬೇಕಾಗುತ್ತದೆ.

ವೃತ್ತವೇ ಏಕೆ? ಯಂತ್ರಭಾಗವೊಂದರ ತಗಡಿನಲ್ಲಿ ರಂಧ್ರದ ಸ್ಥಾನಕ್ಕೆ ಅಡ್ಡಲಾಗಿ ±0.1, ಉದ್ದಕ್ಕೆ ±0.1 ಮಿಲಿಮೀಟರು ಎಂದು ಬರೆದರೆ ದೊರೆಯುವುದು ಒಂದು ಚೌಕ. ಕಾಗದದ ಮೇಲೆ ಎಳೆದು ನೋಡಿರಿ. ಚೌಕದ ಮೂಲೆ ನಡುವಿನಿಂದ 0.141 ದೂರದಲ್ಲಿದೆ, ಅಲ್ಲಿ ಬಿದ್ದ ರಂಧ್ರ ತೇರ್ಗಡೆಯಾಗುತ್ತದೆ. ನೇರ ಬಲಕ್ಕೆ 0.13 ಸರಿದ ರಂಧ್ರವೋ, ನಡುವಿಗೆ ಹೆಚ್ಚು ಸಮೀಪವಿದ್ದೂ ತಿರಸ್ಕೃತ! ಇದೆಂಥ ನ್ಯಾಯ? ರಂಧ್ರದಲ್ಲಿ ಕೂಡುವ ದುಂಡು ಮೊಳೆಗೆ ದಿಕ್ಕಿನ ಭೇದವಿಲ್ಲ. ಸ್ಕಾಟ್ಲೆಂಡಿನ ಅಲೆಕ್ಸಾಂಡ್ರಿಯದ ಟಾರ್ಪೀಡೊ ಕಾರ್ಖಾನೆಯಲ್ಲಿದ್ದ ಸ್ಟಾನ್ಲಿ ಪಾರ್ಕರ್ ಎಂಬವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೌಕವನ್ನು ಬಿಟ್ಟು ವೃತ್ತವನ್ನು ಹಿಡಿದರು. ನಾಲ್ಕು ಮೂಲೆಗಳನ್ನೂ ಮುಟ್ಟುವ ವೃತ್ತದ ವ್ಯಾಸ 0.28, ಅದರ ವಿಸ್ತಾರ ಚೌಕಕ್ಕಿಂತ ನೂರಕ್ಕೆ 57ರಷ್ಟು ಹೆಚ್ಚು. ಮೂಲೆಯ ರಂಧ್ರ ಸಲ್ಲುವುದಾದರೆ ಇದರೊಳಗಿನ ಯಾವುದೂ ಸಲ್ಲಬೇಕು. ಕೆಲಸಕ್ಕೆ ಬರುವ ಎಷ್ಟೋ ಭಾಗಗಳು ಗುಜರಿಗೆ ಬೀಳುವುದು ಹೀಗೆ ತಪ್ಪುತ್ತದೆ.

ಇಂದಿನ ನಕ್ಷೆಗಳಲ್ಲಿ ಇದನ್ನು ಒಂದು ಪುಟ್ಟ ಆಯತದೊಳಗೆ ಬರೆಯುತ್ತಾರೆ. ಮೊದಲ ಮನೆಯಲ್ಲಿ ಕೂಡುಗೆರೆಯುಳ್ಳ ವೃತ್ತ, ಎಂದರೆ ಸ್ಥಾನದ ಚಿಹ್ನೆ. ಎರಡನೆಯದರಲ್ಲಿ ವ್ಯಾಸದ ಗುರುತಿನೊಡನೆ 0.28, ಅದರಾಚೆಗೆ, ಯಾವ ಮೈಯಿಂದ ಅಳೆಯಬೇಕೆಂದು ತಿಳಿಸುವ ಅಕ್ಷರ.