ಬೆಟ್ಟ ಇಳಿದ ಮೇಲೆ ಎಲ್ಲಿಗೆ?

ಪ್ರಶ್ನೆ: ಮಧುಗಿರಿ ಬೆಟ್ಟ ಹತ್ತಬೇಕೆಂದಿದ್ದೇವೆ. ಎರಡು ದಿನ ಬಿಡುವಿದೆ. ಆ ಸೀಮೆಯಲ್ಲಿ ಬೇರೇನಿದೆ? ಬರೀ ಬಂಡೆ, ಬಯಲು ಅನ್ನುತ್ತಾರಲ್ಲ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬಂಡೆ, ಬಯಲು ಎಂದವರು ಸುಳ್ಳು ಹೇಳಿಲ್ಲ. ಅಲ್ಲಿ ನೋಡಬೇಕಾದ್ದು ಅವನ್ನೇ.

ಬೆಟ್ಟವನ್ನು ನಸುಕಿನಲ್ಲೇ ಹತ್ತಿ; ಬಿಸಿಲೇರಿದರೆ ಬಂಡೆ ಕಾದ ಹೆಂಚಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದ ಏಕಶಿಲೆ ಇದು, ಮೈಮೇಲೆ ಕೋಟೆ ಹೊತ್ತದ್ದು. ಕೆಳಗಡೆ ಮೆಟ್ಟಿಲುಗಳಿವೆ, ಮೇಲೆ ಮೇಲೆ ಹೋದಂತೆ ಪಾದ ಊರುವಷ್ಟೇ ಕೊರೆದ ಗುಳಿಗಳು. ದಾರಿಯಲ್ಲಿ ಸಿಗುವ ದೊಣೆಗಳ ಮುಂದೆ ಒಂದು ಗಳಿಗೆ ನಿಲ್ಲಿ. ಬಂಡೆಯ ಮೇಲೆ ಸುರಿದ ಮಳೆ ಇಳಿದು ಬಂದು ನಿಲ್ಲುವುದು ಇವುಗಳಲ್ಲೇ. ನೀರಿಲ್ಲದ ಕೋಟೆ ಎಷ್ಟು ಗಟ್ಟಿಯಿದ್ದರೇನು, ಮುತ್ತಿಗೆ ಬಿದ್ದರೆ ನಾಲ್ಕು ದಿನ ನಿಲ್ಲದು. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ಗುಡಿ, ಕಣಜಗಳಿವೆ.

ಸಂಜೆ ಕೊಡಿಗೇನಹಳ್ಳಿ ಕಡೆಯ ಮೈದನಹಳ್ಳಿಗೆ ಹೋಗಿ. ಸುಮಾರು 800 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳಿಗೆಂದು ಮೀಸಲಿಟ್ಟಿದ್ದಾರೆ. ತಿರುಚು ಕೊಂಬಿನ ಕಪ್ಪು ಗಂಡು ತಲೆಯೆತ್ತಿ ನಿಂತಿರುತ್ತದೆ. ಬೆದರಿದ ಹಿಂಡು ಚೆಂಡು ಪುಟಿದಂತೆ ನೆಗೆಯುತ್ತಾ ಓಡುತ್ತದೆ. ಅವಕ್ಕೆ ಬೇಕಾದ್ದು ಕಾಡಲ್ಲ, ಕಣ್ಣು ಹಾಯುವಷ್ಟು ದೂರ ತೆರೆದ ನೆಲ. ನಾವು 'ಬರೀ ಬಯಲು' ಅನ್ನುವುದೇ ಅವುಗಳ ಮನೆ.

ಮರುದಿನ ಶಿರಾ. 1638ರಲ್ಲಿ ಬಿಜಾಪುರದವರ ಕೈಗೆ, 1687ರಲ್ಲಿ ಮೊಘಲರ ಕೈಗೆ ಹೋಗಿ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿಯಾಗಿದ್ದ ಊರು. 1651ರ ಮಲಿಕ್ ರೆಹಾನ್ ದರ್ಗಾ, 1696ರ ಜುಮ್ಮಾ ಮಸೀದಿ ಎರಡನ್ನೂ ನೋಡಿ. ಹತ್ತಿರದ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಬೇಸಿಗೆಯ ಹೊತ್ತಿಗೆ ಹೋದರೆ ಮರಿಗಳೂ ಕಂಡಾವು.

ಇನ್ನೊಂದು ದಿನ ಸಿಕ್ಕರೆ ಪಾವಗಡ ತಾಲ್ಲೂಕಿನ ನಿಡುಗಲ್ಲಿಗೆ ಹೋಗಿಬನ್ನಿ. ನಿಡುಗಲ್ ಚೋಳರ ದುರ್ಗ ಅದು. ಅವರು ಆಳಿದ ಹೆಂಜೇರು, ಅಂದರೆ ಈಗಿನ ಹೇಮಾವತಿ, ಇವತ್ತು ಗಡಿಯಾಚೆ ಆಂಧ್ರದಲ್ಲಿದೆ. ಅಲ್ಲಿನ ನೊಳಂಬ ಅರಸರ ಕಾಲದ ಗುಡಿಗಳನ್ನೂ ಬಿಡಬೇಡಿ.

ಕೊನೆಗೆ ಎರಡು ಮಾತು: ಬೆಟ್ಟಕ್ಕೆ ತಲೆಗೆ ಎರಡು ಲೀಟರ್ ನೀರು ಒಯ್ಯಿರಿ, ಖಾಲಿ ಬಾಟಲಿಯನ್ನು ದೊಣೆಗೆ ಎಸೆಯಬೇಡಿ. ಕಗ್ಗಲಡುವಿನಲ್ಲಿ ಹಾರ್ನ್ ಹೊಡೆಯಬೇಡಿ. ಆ ಮರಗಳ ಮೇಲೆ ಬಾಣಂತನ ನಡೆದಿರುತ್ತದೆ.