ನಾನಿಯ ಬಿ.ಪಿ. ಮಾತ್ರೆ ಮತ್ತು ರಿಸೆಪ್ಟರ್‌ಗಳು

ಹರಿಹರದಲ್ಲಿರುವ ನನ್ನ ನಾನಿ ರಂಜಾನ್ ರೋಜಾ ಎಂದು ಬಿ.ಪಿ. ಮಾತ್ರೆ ಬಿಟ್ಟವರು ಹಬ್ಬ ಮುಗಿದರೂ ಮತ್ತೆ ಶುರು ಮಾಡಲಿಲ್ಲ. "ತಲೆನೋವಿಲ್ಲ, ಸುಸ್ತಿಲ್ಲ, ಮಾತ್ರೆ ಯಾಕೆ?" ಎನ್ನುತ್ತಿದ್ದರು. ದಾವಣಗೆರೆಗೆ ಕರೆತಂದು ತೋರಿಸಿದಾಗ 170/100 ಇತ್ತು. ಅವರ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಜೀವಶಾಸ್ತ್ರದಲ್ಲಿ.

ಅಪಧಮನಿಯ ಗೋಡೆಯಲ್ಲಿ ಅನೈಚ್ಛಿಕ ಸ್ನಾಯು ಇದೆ. ಅದರ ಜೀವಕೋಶಗಳ ಮೇಲಿನ ರಿಸೆಪ್ಟರ್‌ಗಳು, ಅಂದರೆ ಗ್ರಾಹಕಗಳು, ಹಾರ್ಮೋನು ಮತ್ತು ನರಗಳ ಸಂದೇಶ ಪಡೆಯುತ್ತವೆ. 1948ರಲ್ಲಿ ಅಮೆರಿಕದ ಆಲ್‌ಕ್ವಿಸ್ಟ್ ಇವುಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಗಳನ್ನು ಗುರುತಿಸಿದರು. ರಕ್ತನಾಳದಲ್ಲಿ ಆಲ್ಫಾ ಸ್ನಾಯುವನ್ನು ಬಿಗಿಗೊಳಿಸುತ್ತದೆ, ಬೀಟಾ ಸಡಿಲಿಸುತ್ತದೆ.

ರಕ್ತದೊತ್ತಡ ಹೆಚ್ಚಿರುವವರಲ್ಲಿ ಈ ಸಮತೋಲನ ತಪ್ಪುತ್ತದೆ. ಬಿಗಿಯುವ ಕೆಲಸ ನಡೆದೇ ಇರುತ್ತದೆ. ಸಡಿಲಿಸುವ ಶಕ್ತಿ ಕುಗ್ಗುತ್ತದೆ. ಬೀಟಾ ಗ್ರಾಹಕ ಇದ್ದರೂ ಅದರ ಸಂದೇಶ ಕೋಶದೊಳಗೆ ಸರಿಯಾಗಿ ತಲುಪುವುದಿಲ್ಲ. ಇನ್ನೊಂದೆಡೆ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ಎಟಿ-1 ಗ್ರಾಹಕದ ಮೂಲಕ ನಾಳವನ್ನು ಬಿಗಿಯುತ್ತದೆ, ಕ್ರಮೇಣ ಗೋಡೆಯನ್ನೂ ದಪ್ಪಗೊಳಿಸುತ್ತದೆ. ಭೌತಶಾಸ್ತ್ರದಲ್ಲಿ ಓದಿದ ಪ್ವಾಸೆಯ ಸೂತ್ರ ನೆನಪಿಸಿಕೊಳ್ಳಿ: ತ್ರಿಜ್ಯ ಶೇ. 10 ಕಡಿಮೆಯಾದರೆ ಹರಿವಿಗೆ ತಡೆ ಸುಮಾರು ಒಂದೂವರೆ ಪಟ್ಟಾಗುತ್ತದೆ.

ಇಷ್ಟೆಲ್ಲ ನಡೆದರೂ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಆದರೆ ಹೃದಯ, ಮಿದುಳು, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತಿರುತ್ತದೆ.

ನಾನಿಯ ಮಾತ್ರೆ ಲೋಸಾರ್ಟಾನ್. ಅದು ಎಟಿ-1 ಗ್ರಾಹಕದಲ್ಲಿ ತಾನೇ ಕುಳಿತು ಆಂಜಿಯೊಟೆನ್ಸಿನ್‌ಗೆ ಜಾಗ ಕೊಡುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಜಾಗ ಮತ್ತೆ ಖಾಲಿ. "ಬಾಗಿಲಿಗೆ ಕಾವಲು ಬೇಕಲ್ಲ ನಾನಿ" ಎಂದೆ. ನಕ್ಕರು, ಒಪ್ಪಿದರು. ಮುಂದಿನ ರಂಜಾನ್‌ಗೆ ಮೊದಲೇ ವೈದ್ಯರನ್ನು ಕೇಳಿ ಮಾತ್ರೆಯ ಸಮಯ ಬದಲಿಸಿಕೊಳ್ಳುತ್ತೇವೆ, ಮಾತ್ರೆ ಬಿಡುವುದಿಲ್ಲ. ನಿಮ್ಮ ಮನೆಯ ಹಿರಿಯರನ್ನೂ ಇವತ್ತೇ ಒಮ್ಮೆ ಕೇಳಿ ನೋಡಿ.