ಮುಚ್ಚುವ ಪುಟಕ್ಕೆ ಕಾಗದದ ಹೂವು

ಆಲ್ಬಮ್ಮಿನ ಹೂವಿಗೆ ಹೂದಾನಿಯ ಹೂವಿಗಿಲ್ಲದ ಒಂದು ಕಟ್ಟುಪಾಡಿದೆ: ಪುಟ ಮುಚ್ಚಬೇಕು. ಮೇಲಿನ ಪುಟಗಳ ಭಾರ ಹೊತ್ತು ವರ್ಷಗಟ್ಟಲೆ ಮಲಗಿದ್ದು, ತೆರೆದಾಗ ಮತ್ತೆ ಹೂವಾಗಿಯೇ ಕಾಣಬೇಕು. ದೊಡ್ಡಮ್ಮನ ಹಳೆಯ ಫೋಟೊಗಳನ್ನೆಲ್ಲ ಒಂದು ಸ್ಕ್ರ್ಯಾಪ್‌ಬುಕ್ಕಿಗೆ ಸೇರಿಸಲು ಹೊರಟಾಗ, ಅವರ ಅಂಗಳದ ಹೂವುಗಳನ್ನೇ ಕಾಗದದಲ್ಲಿ ಮಾಡಿ ಪುಟಗಳ ಅಂಚಿಗೆ ಕೂರಿಸಬೇಕೆಂದುಕೊಂಡೆ. ಹೂವನ್ನು ಸರಿಯಾಗಿ ನೋಡಲು ಕಲಿತದ್ದು ಆಗಲೇ.

ಮೊದಲು ನಂದಿಬಟ್ಟಲು. ಬಿಳಿ ಕಾಗದ, ಐದು ಎಸಳು. ಸುಲಭದ ಹೂವು ಅನ್ನಿಸುತ್ತದೆ. ಪಕ್ಕದಲ್ಲೇ ಕೂತು ನೋಡುತ್ತಿದ್ದ ದೊಡ್ಡಮ್ಮ, "ಸುಮ್ನೆ ಐದು ಎಸಳು ಜೋಡಿಸಿದ್ರೆ ಅದು ನಿತ್ಯಪುಷ್ಪ ಆಗುತ್ತೆ ಕಣೇ. ನಂದಿಬಟ್ಲು ಗಿರಗಿಟ್ಲೆ ತರ ಒಂದೇ ಕಡೆಗೆ ತಿರುಗಿರುತ್ತೆ, ನೋಡು" ಎಂದು ಗಿಡದಿಂದ ಒಂದನ್ನು ಕಿತ್ತು ತಂದರು. ನಿಜ. ಪ್ರತಿ ಎಸಳೂ ಬುಡದಲ್ಲಿ ಕಿರಿದಾಗಿ, ತುದಿಯಲ್ಲಿ ಒಂದು ಬದಿಗೆ ಹೊರಳಿಕೊಂಡಿರುತ್ತದೆ. ಅಂದಿನಿಂದ ಕತ್ತರಿ ಹಿಡಿಯುವ ಮುಂಚೆ ನಿಜವಾದ ಹೂವೊಂದನ್ನು ಎಸಳು ಎಸಳಾಗಿ ಬಿಡಿಸಿ ಹಾಳೆಯ ಮೇಲಿಡುತ್ತೇನೆ. ಅದೇ ಅಚ್ಚು, ಅದೇ ಅಳತೆ. ಅಂಗಡಿಯಲ್ಲಿ ಸಿಗುವ ಯಾವ ಮಾದರಿ ಹಾಳೆಯೂ ಇದರ ಸಮಕ್ಕೆ ಬರುವುದಿಲ್ಲ.

ಹೀಗೆ ಹೂವನ್ನು ಎದುರಿಗಿಟ್ಟುಕೊಂಡು ಕಾಗದ ಕತ್ತರಿಸಿದವರಲ್ಲಿ ನಾನು ಬಹಳ ಗೌರವಿಸುವುದು ಇಂಗ್ಲೆಂಡಿನ ಮೇರಿ ಡೆಲನಿಯವರನ್ನು. 1700ರಲ್ಲಿ ಹುಟ್ಟಿದ ಆಕೆ ಈ ಕೆಲಸ ಶುರು ಮಾಡಿದ್ದು ಎಪ್ಪತ್ತು ದಾಟಿದ ಮೇಲೆ. ಬಣ್ಣದ ಕಾಗದದ ಸಣ್ಣ ಸಣ್ಣ ಚೂರುಗಳನ್ನು ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ, ಕಣ್ಣು ಮಂಜಾಗುವವರೆಗೆ ಸಾವಿರದ ಹತ್ತಿರ ಗಿಡಗಳನ್ನು ಮಾಡಿದರು. ಅವೀಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವೆಲ್ಲ ಚಪ್ಪಟೆ ಹೂವುಗಳೇ. ಆಳ ಕಾಣುವುದು ಉಬ್ಬಿನಿಂದಲ್ಲ, ಒಂದರ ಮೇಲೊಂದು ಕೂತ ಬಣ್ಣದ ಛಾಯೆಗಳಿಂದ. ಆಲ್ಬಮ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

ದಾಸವಾಳವನ್ನು ಎದುರಿನಿಂದ ಮಾಡಿದರೆ ಕೇಸರದ ಕಂಬ ಪುಟದಿಂದ ಎದ್ದು ನಿಲ್ಲುತ್ತದೆ, ಮುಚ್ಚಿದರೆ ಮುರಿಯುತ್ತದೆ. ಅದನ್ನು ಪಕ್ಕದಿಂದ ಕಂಡಂತೆ ಮಾಡಬೇಕು. ಪಾರಿಜಾತವನ್ನು ಬೋರಲಾಗಿ ಇಟ್ಟರೆ ಕೇಸರಿ ತೊಟ್ಟು ಎಸಳುಗಳ ಮೇಲೆ ಮಲಗುತ್ತದೆ. ಬೆಳಗ್ಗೆ ಮರದಡಿ ನಾವು ಆಯುವ ಹೂವೂ ಎಷ್ಟೋ ಸಲ ಹಾಗೇ ಬಿದ್ದಿರುತ್ತದಲ್ಲ! ಸೇವಂತಿಗೆಗೆ ಸುರುಳಿ ಸುತ್ತುವ ಕ್ವಿಲ್ಲಿಂಗ್ ಪಟ್ಟಿ ಒಳ್ಳೆಯದು, ಆದರೆ ಪಟ್ಟಿಯ ಅಗಲವೇ ಸುರುಳಿಯ ಎತ್ತರವಾಗುವುದರಿಂದ ನಡುವಿನ ಬೊಟ್ಟಿಗೆ 3 ಮಿಲಿಮೀಟರಿನದು ಸಾಕು. ಸುತ್ತಲಿನ ಅಗಲ ಪಟ್ಟಿಯನ್ನು ಎಳೆ ಎಳೆಯಾಗಿ ಸೀಳಿ, ಸುತ್ತಿ, ಹೊರಕ್ಕೆ ಮಡಚಿಬಿಡುತ್ತೇನೆ.

ಕಷ್ಟವೂ ಖುಷಿಯೂ ಡೇರೆಯದು. ಮಳೆಗಾಲದಲ್ಲಿ ಮಲೆನಾಡಿನ ಅಂಗಳಗಳನ್ನು ತುಂಬುವ ಈ ಹೂವಿನಲ್ಲಿ ಮೇಲಿನ ಸಾಲಿನ ಎಸಳು ಕೆಳಗಿನ ಎರಡು ಎಸಳುಗಳ ಸಂದಿಯಲ್ಲಿ ಕೂತಿರುತ್ತದೆ. ಬೇರೆ ಬೇರೆ ಅಳತೆಯ ಮೂರು ವೃತ್ತ, ಪ್ರತಿಯೊಂದರಲ್ಲೂ ಎಂಟು ಎಸಳು, ಪ್ರತಿ ಪದರವನ್ನೂ ಅರ್ಧ ಎಸಳಿನಷ್ಟು ತಿರುಗಿಸಿ ಇಡಬೇಕು. ಮಡಚಿದ ಬಟ್ಟೆಯ ಮೇಲಿಟ್ಟು ಖಾಲಿಯಾದ ಬಾಲ್‌ಪೆನ್ನಿನ ತುದಿಯಿಂದ ಎಸಳಿನ ನಡುವೆ ಗೀರಿದರೆ ಅಂಚು ತಾನಾಗಿ ಒಳಕ್ಕೆ ಬಾಗುತ್ತದೆ. ಫೆವಿಕಾಲನ್ನು ಕಡ್ಡಿಯ ತುದಿಯಲ್ಲಿ ತೆಗೆದು ನಡುವಿಗೆ ಮಾತ್ರ ಮುಟ್ಟಿಸಬೇಕು. ಎಸಳು ಬಿಡುಬೀಸಾಗಿದ್ದರೆ ಪುಟ ಒತ್ತಿದಾಗ ಮಲಗಿ, ತೆರೆದಾಗ ತುಸು ಏಳುತ್ತದೆ.

ಕಾಗದಕ್ಕೂ ಮರದಂತೆ ಎಳೆಗಳ ದಿಕ್ಕಿದೆ. ಮೆಲ್ಲಗೆ ಎರಡೂ ಕಡೆ ಬಾಗಿಸಿ ನೋಡಿದರೆ ಒಂದು ಕಡೆ ಹಗುರಾಗಿ ಬಾಗುತ್ತದೆ. ಎಸಳನ್ನು ಯಾವ ಕಡೆ ಸುರುಳಿ ಮಾಡಬೇಕೋ ಆ ಕಡೆಗೆ ಕಾಗದದ ಈ ಹಗುರ ಬಾಗನ್ನು ಹೊಂದಿಸಿಕೊಂಡು ಕತ್ತರಿಸಬೇಕು. ಕ್ರೇಪ್ ಕಾಗದದಲ್ಲಿ ಸುಕ್ಕುಗಳು ಎಸಳಿನ ಬುಡದಿಂದ ತುದಿಗೆ ಓಡುತ್ತಿರಬೇಕು, ಆಗಲೇ ಅಡ್ಡಕ್ಕೆ ಹಿಗ್ಗಿಸಿ ಬಟ್ಟಲಿನ ಆಕಾರ ತರಲು ಸಾಧ್ಯ. ಅಂಗಡಿಯ ಮಲ್ಬೆರಿ ಕಾಗದ ನಮ್ಮ ರೇಷ್ಮೆಹುಳು ತಿನ್ನುವ ಹಿಪ್ಪುನೇರಳೆಯದಲ್ಲ, ಅದೇ ಕುಟುಂಬದ ಬೇರೊಂದು ಮರದ ತೊಗಟೆಯದು. ನಾರು ಉದ್ದವಾಗಿರುವುದರಿಂದ, ಕತ್ತರಿಸದೆ ಒದ್ದೆ ಗೆರೆ ಎಳೆದು ಹರಿದರೆ ಅಂಚು ಎಳೆ ಎಳೆಯಾಗಿ ಮೆತ್ತಗೆ ಬರುತ್ತದೆ.

ನಮ್ಮ ಕಡೆಯ ತೇವವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಕೆಂಪು ಕ್ರೇಪ್ ಒದ್ದೆ ಹತ್ತಿಗೆ ಬಣ್ಣ ಬಿಟ್ಟರೆ ಅದನ್ನು ಫೋಟೊ ಇರುವ ಪುಟಕ್ಕೆ ತರಬೇಡಿ. ಮೈದಾ ಗೋಂದು ಹುಳುಗಳಿಗೆ ಊಟ. ದಿನಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಇರುವುದರಿಂದ ಅದರ ಹೂವು ಬೇಗ ಹಳದಿಯಾಗುತ್ತದೆ. ಆಮ್ಲರಹಿತ ಎಂದು ಬರೆದಿರುವ ಹಾಳೆಗೆ ತುಸು ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಹೂವು ಫೋಟೊಕ್ಕೆ ತಾಗದಂತೆ ನಡುವೆ ಬಟರ್ ಪೇಪರ್ ಇಡುತ್ತೇನೆ. ಆಲ್ಬಮ್ಮಿನ ಬೆನ್ನಿನ ಕಡೆ, ಪುಟ ಪುಟದ ನಡುವೆ, ಹೂವಿನಷ್ಟೇ ದಪ್ಪದ ರಟ್ಟಿನ ಪಟ್ಟಿ ಸೇರಿಸಿದರೆ ಪುಸ್ತಕ ಬಾಯಿ ತೆರೆದುಕೊಂಡು ಉಬ್ಬುವುದಿಲ್ಲ.

ದೊಡ್ಡಮ್ಮ ಈಗ ಸುರಗಿ ಮಾಡಿಕೊಡು ಅನ್ನುತ್ತಿದ್ದಾರೆ. ನಾಲ್ಕು ಬಿಳಿ ಎಸಳು ಕಷ್ಟವಲ್ಲ. ನಡುವಿನ ಹಳದಿ ಕೇಸರದ ಗೊಂಚಲನ್ನು ಕಾಗದದಲ್ಲಿ ಅಷ್ಟು ತೆಳ್ಳಗೆ ಸೀಳಲಾದೀತೇ, ಹೊಲಿಗೆ ದಾರವನ್ನೇ ಕತ್ತರಿಸಿ ಅಂಟಿಸಬೇಕೇ ಎಂದು ಎರಡನ್ನೂ ಮಾಡಿ ನೋಡುತ್ತಿದ್ದೇನೆ. ಸದ್ಯಕ್ಕೆ ದಾರವೇ ಮೇಲು ಅನ್ನಿಸಿದೆ.